ಇಳಕಲ್ಲ ಸೀರೆಯುಟ್ಟು ಮೈಸೂರು ಸೀಮೆಗೆ

ನಗುವವರು ನಗಲಿ, ನಾನು ಪರದೇಶಕ್ಕೆ ಹೋಗಿಬಂದೆ. ಹಡಗು ಹತ್ತಲಿಲ್ಲ, ಸಮುದ್ರ ದಾಟಲಿಲ್ಲ ಎಂಬುದು ನಿಜ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದೆ, ಅಷ್ಟೇ. ಆದರೆ ಧಾರವಾಡದವರಾದ ನಾವು ಮುಂಬಯಿ ಸರಕಾರದ ಪ್ರಜೆಗಳು, ಹೊಳೆಯ ಆಚೆಯವರು ಮೈಸೂರಿನವರು. ಎರಡೂ ಕಡೆ ಕನ್ನಡವೇ ಆದರೂ ಅವರ ಊಟ ಬೇರೆ, ಉಡುಗೆ ಬೇರೆ, ಮಾತಿನ ರಾಗ ಬೇರೆ. ಇವತ್ತಲ್ಲ ನಾಳೆ ಎಲ್ಲ ಒಂದಾಗುತ್ತದೆಂದು ಸಭೆಗಳಲ್ಲಿ ಭಾಷಣ ನಡೆದಿವೆ. ಆಗಲಿ, ಸಂತೋಷ. ನಾನು ಹೋದ ನಾತಾಳದ, ಎಂದರೆ ಕ್ರಿಸ್‌ಮಸ್ಸಿನ, ಸೂಟಿಯಲ್ಲಂತೂ ಇನ್ನೂ ಆಗಿರಲಿಲ್ಲ.

ಹೋದದ್ದು ಗುಡಿ ನೋಡಲಿಕ್ಕಲ್ಲ. ನನ್ನ ತಂಗಿ ಶಾಂತಾಳನ್ನು ಬೇಲೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ನಮ್ಮವ್ವ ತೀರಿಕೊಂಡಾಗ ಶಾಂತಾಳಿಗೆ ನಾಲ್ಕು ವರ್ಷ, ನನಗೆ ಹತ್ತೊಂಬತ್ತು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಕರೆತಂದೆ. ನನಗೆ ಮಕ್ಕಳಾಗಲಿಲ್ಲ, ಅವಳೇ ಮಗಳಾದಳು. ಧಾರವಾಡದ ಕಾಲೇಜಿನಲ್ಲಿ ಓದಿ ಬೇಲೂರಿನಲ್ಲಿ ಮಾಸ್ತರಿಕೆ ಮಾಡುವ ಹುಡುಗನಿಗೆ ಅವಳನ್ನು ಕೊಡುವಾಗ ಓಣಿಯವರೆಲ್ಲ, ಸೀಮೆ ದಾಟಿಸಿ ಯಾಕೆ ಕೊಡುತ್ತೀ ಗಂಗಾಬಾಯಿ ಎಂದರು. ನಾನು ಕೇಳಲಿಲ್ಲ.

ಈಗ ಅವಳಿಗೆ ಏಳು ತಿಂಗಳು. ಏಳರಲ್ಲಿ ತವರಿನವರು ಹೋಗಿ, ಹಸಿರು ಸೀರೆ ಉಡಿಸಿ, ಹೊಸ ಖಣದ ಕುಪ್ಪಸ ತೊಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ಮನೆಗೆ ಕರೆತರಬೇಕು. ಇದಕ್ಕೆ ನಾವು ಕುಬಸ ಎನ್ನುತ್ತೇವೆ. ಬರುತ್ತೇನೆಂದು ಬರೆದೆ. ಅವಳಿಂದ ಎರಡು ಸಾಲು ಬಂತು: ಅಕ್ಕಾ, ಬಂದು ನೋಡಿಕೊಂಡು ಹೋಗು, ನಾನು ಬರುವುದಿಲ್ಲ, ಹೆರಿಗೆ ಇಲ್ಲೇ ಆಗಲಿ. ಆ ಕಾಗದವನ್ನು ಹತ್ತು ಸಲ ಓದಿದೆ. ಇದು ಅವಳ ಮಾತಲ್ಲ, ಪಕ್ಕದಲ್ಲಿ ಯಾರೋ ನಿಂತು ಬರೆಸಿದ್ದಾರೆ ಎನಿಸಿತು. ಕುಬಸ ಮಾಡಿ, ಕೈಹಿಡಿದು ಕರೆತಂದೇ ತರುತ್ತೇನೆಂದು ಹಸಿರು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಎರಡನ್ನೂ ಟ್ರಂಕಿನಲ್ಲಿ ಇಟ್ಟುಕೊಂಡು ಹೊರಟೆ.

ನಾನು ಸೀರೆ ಉಡಲು ಕಲಿತಾಗಿನಿಂದ ಇಳಕಲ್ಲ ಬಿಟ್ಟು ಬೇರೆ ಉಟ್ಟವಳಲ್ಲ. ಮೈಯೆಲ್ಲ ನೂಲು, ಸೆರಗು ಮಾತ್ರ ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ತೆನೆಗಳ ಸಾಲು. ಹೊಸದಿದ್ದಾಗ ಬಿರುಸು, ಹೇಳಿದ ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಉಟ್ಟು ಒಗೆದ ಮೇಲೆ ಅದರಂಥ ಸುಖ ಮತ್ತೊಂದಿಲ್ಲ. ಪ್ರಯಾಣಕ್ಕೆ ಅಂಥವೇ ಎರಡು ಹಳೆಯವನ್ನು ಆರಿಸಿಕೊಂಡೆ. ಪರಸ್ಥಳದಲ್ಲಿ ಗುರುತಿನ ಮುಖ ಇಲ್ಲದಿದ್ದರೂ ಹೆಗಲ ಮೇಲೆ ಗುರುತಿನ ಸೆರಗು ಇರುತ್ತದಲ್ಲ ಎಂಬ ಧೈರ್ಯ.

ಅರಸೀಕೆರೆ

ಬೆಳಕು ಹರಿಯುವ ಹೊತ್ತಿಗೆ ಅರಸೀಕೆರೆಯಲ್ಲಿ ಇಳಿದೆ. ಚಳಿ, ಮಂಜು, ಎಲ್ಲಿ ನೋಡಿದರೂ ಕೊಬ್ಬರಿ ಮೂಟೆ. ಆ ವಾಸನೆಗೆ ನಮ್ಮ ಮನೆಯ ಸಂಕ್ರಾಂತಿಯ ನೆನಪಾಯಿತು.

ಸ್ಟೇಷನ್ನಿನಲ್ಲಿ ಚಹಾ ಕೇಳಿದೆ. ಮಾರುವವನು ಅಂಥದೊಂದು ವಸ್ತು ಇದೆಯೆಂದು ಕೇಳಿ ಮಾತ್ರ ಬಲ್ಲವನಂತೆ ನನ್ನ ಮುಖ ನೋಡಿ, ಕಾಫಿ ಇದೆಯಮ್ಮ ಎಂದ. ಆಗಲಿ ಎಂದೆ. ಲೋಟ ಕೈಗೆ ಕೊಟ್ಟ. ಸುತ್ತಲಿನವರು ಲೋಟವನ್ನು ತುಟಿಗೆ ತಾಗಿಸದೆ, ಮುಖ ಮೇಲೆತ್ತಿ, ಕುದಿಯುವ ಕಾಫಿಯನ್ನು ಗಂಟಲಿಗೆ ಬಿಟ್ಟುಕೊಳ್ಳುತ್ತಿದ್ದರು. ಅವರಿಗಿಂತ ನಾನೇನು ಕಡಿಮೆ ಎಂದು ಹಾಗೇ ಮಾಡಲು ಹೋದೆ. ಅರ್ಧ ಕಾಫಿ ಮೂಗಿಗೆ, ಉಳಿದದ್ದು ಸೆರಗಿಗೆ. ಬೆಂಚಿನ ಮೇಲೆ ಕೋಟು ಪೇಟ ಧರಿಸಿ ಕುಳಿತಿದ್ದ ಹಿರಿಯರೊಬ್ಬರು ನೋಡಿದರು, ತಕ್ಷಣ ನೋಡಿಲ್ಲವೆಂಬಂತೆ ಮುಖ ತಿರುಗಿಸಿದರು. ಮೈಸೂರಿನವರ ಸಭ್ಯತೆ ಹೀಗೆ. ನಮ್ಮ ಕಡೆಯಾಗಿದ್ದರೆ ನಾಲ್ಕು ಜನ ನಕ್ಕು, ಅದೇ ನಾಲ್ಕು ಜನ ನೀರು ತಂದುಕೊಡುತ್ತಿದ್ದರು. ಇಲ್ಲಿ ಕಾಫಿಯವನೇ ಒಂದು ಚೊಂಬು ನೀರು ತಂದ. ಎರಡನೆಯ ಲೋಟಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೆಯದನ್ನು ತುಟಿಗಿಟ್ಟೇ ಕುಡಿದೆ. ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ.

ಜಾವಗಲ್

ಹಳೇಬೀಡಿನ ಬಸ್ಸು ಜಾವಗಲ್ಲಿನ ಹತ್ತಿರ ಬುಸುಗುಟ್ಟಿ ನಿಂತಿತು. ಇಂಜಿನ್ನು ಕಾದಿದೆ, ನೀರು ಹಾಕಬೇಕು ಎಂದು ಡ್ರೈವರು ಡಬ್ಬಿ ಹಿಡಿದು ತೆಂಗಿನ ತೋಟದ ಕಡೆಗೆ ನಡೆದ. ಯಾರೂ ಗೊಣಗಲಿಲ್ಲ. ಗಂಡಸರು ಇಳಿದು ಬೀಡಿ ಹಚ್ಚಿದರು, ಹೆಂಗಸರು ಕುಳಿತಲ್ಲೇ ಕುಳಿತರು.

ನನ್ನ ಪಕ್ಕದಲ್ಲಿ ಅವರೆಕಾಯಿಯ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹಳ್ಳಿಯ ಹೆಂಗಸು. ಅರಸೀಕೆರೆಯಿಂದಲೂ ಅವಳ ಕಣ್ಣು ನನ್ನ ಸೆರಗಿನ ಮೇಲೆಯೇ ಇತ್ತು. ನಾವು ಧಾರವಾಡದ ಕಡೆಯ ಹೆಣ್ಣುಮಕ್ಕಳು ಸೆರಗನ್ನು ಎರಡೂ ಹೆಗಲ ಮೇಲೆ ಹೊದೆದುಕೊಳ್ಳುತ್ತೇವಲ್ಲ, ಅದು ಅವಳಿಗೆ ಸೋಜಿಗ. ಕೊನೆಗೆ ತಡೆಯಲಾರದೆ ಎರಡು ಬೆರಳಲ್ಲಿ ಹಿಡಿದು ಹೊಸಕಿ ನೋಡಿದಳು.

“ನೋಡಾಕೆ ದಪ್ಪ, ಮುಟ್ಟುದ್ರೆ ಬೆಣ್ಣೆ ಇದ್ದಂಗೈತೆ ಕಣವ್ವ. ಯಾವೂರು ನಿಮ್ದು?”

ಧಾರವಾಡ ಎಂದೆ. ಅದು ಎಲ್ಲಿದೆ ಎಂದು ಕೇಳಿದಳು. ಹುಬ್ಬಳ್ಳಿಯ ಹತ್ತಿರ ಎಂದೆ. ಹುಬ್ಬಳ್ಳಿ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ನನಗೆ ಬೇಜಾರಾದೀತೆಂದು ಬಿಟ್ಟಳೆಂದು ಕಾಣುತ್ತದೆ. ಸೀರೆಗೆ ಎಷ್ಟು ವರ್ಷವಾಯಿತೆಂದು ಕೇಳಿದಳು. ಹನ್ನೊಂದು ಎಂದಾಗ, ಅಂಗಾರೆ ಒಳ್ಳೆ ಮಗ್ಗದ್ದು ಎಂದು ತಲೆದೂಗಿದಳು. ಬಸ್ಸು ಹೊರಟಮೇಲೆ ತೂಕಡಿಸಿ ನನ್ನ ಹೆಗಲಿಗೆ ಒರಗಿದಳು. ಕೆನ್ನೆ ಸೆರಗಿನ ಮೇಲೆ. ಬುಟ್ಟಿ ಬೀಳದಂತೆ ನಾನೇ ಹಿಡಿದುಕೊಂಡು ಕುಳಿತೆ. ನಮ್ಮ ಶಾಂತಾ ಚಿಕ್ಕವಳಿದ್ದಾಗ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿಯದೆ ಮಲಗುತ್ತಲೇ ಇರಲಿಲ್ಲ. ಇಳಿಯುವಾಗ ಆ ಹೆಂಗಸು ನನ್ನ ಚೀಲಕ್ಕೆ ಎರಡು ಹಿಡಿ ಅವರೆಕಾಯಿ ಸುರಿದು, ನಾನು ಬೇಡವೆನ್ನುವಷ್ಟರಲ್ಲಿ ಹೊರಟೇಹೋದಳು.

ಹಳೇಬೀಡು

ಹಳೇಬೀಡಿನಲ್ಲಿ ಬೇಲೂರಿನ ಬಸ್ಸಿಗೆ ಎರಡು ತಾಸು ಇತ್ತು. ಟ್ರಂಕನ್ನು ಒಂದು ಅಂಗಡಿಯಲ್ಲಿಟ್ಟು ಗುಡಿ ನೋಡಲು ಹೋದೆ.

ಒಳಗೆ ಕಾಲಿಟ್ಟ ಕೂಡಲೇ ಗುಡಿ ತೋರಿಸುವವನೊಬ್ಬ ಓಡಿಬಂದು, ಬಾಯಿಸಾಹೇಬ್, ಆಯಿಯೇ ಎಂದು ಶುರುಮಾಡಿದ. ಅವನ ಹಿಂದಿ ನನ್ನ ಹಿಂದಿಗಿಂತಲೂ ದರಿದ್ರ. ಏನಪ್ಪಾ, ಕನ್ನಡದಾಗ ಹೇಳಲಿಕ್ಕೆ ಏನಾಗೇದ ನಿನಗ, ಎಂದು ಕೇಳಿದೆ. ಅವನು ಕಣ್ಣರಳಿಸಿ ಹೇಳಿದ್ದು ಇದು:

“ಪರವಾಗಿಲ್ವೇ, ಮರಾಠಿಯವರಾದ್ರೂ ಕನ್ನಡ ಚೆನ್ನಾಗಿ ಕಲ್ತಿದ್ದೀರ.”

ಹದಿನೈದು ವರ್ಷ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ಕನ್ನಡ ಕಲಿಸಿದವಳು ನಾನು. ನೆತ್ತಿಗೇರಿದ ಸಿಟ್ಟು ಇಳಿಯಲು ಗುಡಿಗೆ ಅರ್ಧ ಪ್ರದಕ್ಷಿಣೆ ಬೇಕಾಯಿತು. ಆಮೇಲೆ ಅವನು ಪಾಪ ಬಹಳ ಪ್ರೀತಿಯಿಂದ ತೋರಿಸಿದ. ಆನೆಗಳ ಸಾಲು, ಕುದುರೆಗಳ ಸಾಲು, ಅದರ ಮೇಲೆ ಇನ್ನೇನೋ ಸಾಲು. ನನ್ನ ಕಣ್ಣು ಮಾತ್ರ ಕಲ್ಲಿನ ಹೆಣ್ಣುಗಳು ಏನು ಉಟ್ಟಿದ್ದಾರೆ ಎಂಬಲ್ಲೇ ಇತ್ತು. ಮೈತುಂಬ ಒಡವೆ, ಬಟ್ಟೆ ಇದೆಯೋ ಇಲ್ಲವೋ ಎನ್ನುವಷ್ಟು. ಒಬ್ಬಳ ಸೊಂಟದ ಬಟ್ಟೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಹೂವಿನ ಸಾಲು ಕೊರೆದಿದ್ದಾರೆ. ಅದನ್ನು ನೋಡಿ ನಿಂತುಬಿಟ್ಟೆ. ಇವಳಿಗೆ ಯಾರೋ ಕಸೂತಿ ಹಾಕಿಕೊಟ್ಟಿದ್ದಾರೆ ಎಂದೆ. ಅವನಿಗೆ ಕಸೂತಿ ಗೊತ್ತಿರಲಿಲ್ಲ. ನನ್ನ ಸೆರಗಿನ ಹತ್ತಿರದ ಗೋಪುರ, ತೊಟ್ಟಿಲು ತೋರಿಸಿ, ದಾರ ಎಣಿಸಿ ಎಣಿಸಿ ಹಾಕುವ ರೀತಿ ವಿವರಿಸಿದೆ. ಆ ಹೊತ್ತು ಗುಡಿ ತೋರಿಸುವವಳು ನಾನೇ ಆದೆ.

ಬೇಲೂರು, ಮೊದಲ ದಿನ

ಹನ್ನೆರಡರ ಬಿಸಿಲಿಗೆ ಬೇಲೂರು. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಶಾಂತಾಳ ಮಾವನವರು ಅಲ್ಲಿನ ಚಿಕ್ಕ ಈಶ್ವರನ ಗುಡಿಯ ಪೂಜೆಯವರು. ಬಾಗಿಲಲ್ಲಿ ನಿಂತು ಕೂಗಿದೆ. ಒಳಗಿಂದ ಒದ್ದೆ ತಲೆ, ರೇಷ್ಮೆ ಸೀರೆಯ ಹಿರಿಯ ಹೆಂಗಸು ಬಂದರು. ಶಾಂತಾಳ ಅತ್ತೆ ಸಾವಿತ್ರಮ್ಮನವರು. ಒಂದು ರಾತ್ರಿ, ಅರ್ಧ ಹಗಲು ಪ್ರಯಾಣ ಮಾಡಿ ಬಂದವಳಿಗೆ ಅವರು ಆಡಿದ ಮೊದಲ ಮಾತು, ದೂರ ನಿಂತ್ಕೊಳಿ, ಮಡೀಲಿದೀನಿ ಎಂದು. ಈಶ್ವರನ ನೈವೇದ್ಯದ ಅಡುಗೆ ಅವರದೇ. ಬೆಳಗಿನಿಂದ ಅದು ಮುಗಿಯುವವರೆಗೆ ಅವರು ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಅವರನ್ನು ಮುಟ್ಟುವಂತಿಲ್ಲ.

ಅವರ ಹಿಂದಿನಿಂದ ಶಾಂತಾ ಬಂದಳು. ಬಂದು ಅಪ್ಪಿಕೊಂಡಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಇತ್ತು. ನಾನು ಅದನ್ನು ನೋಡಬೇಕಾಗಿತ್ತು. ನೋಡಿದ್ದು ಅವಳ ಸೀರೆಯನ್ನು. ಒಮ್ಮೆ ಯಾವ ಬಣ್ಣವಿತ್ತೆಂದು ಹೇಳಲಾಗದಷ್ಟು ಮಾಸಿದ ಹಳೆಯ ಸೀರೆ. ಅಂಚು ಎಳೆಎಳೆಯಾಗಿತ್ತು, ಸೊಂಟದ ಹತ್ತಿರ ಅಂಗೈಯಗಲ ತೇಪೆ. ಯಾರದಿದು ಎಂದು ಕಿವಿಯಲ್ಲಿ ಕೇಳಿದೆ. ಅತ್ತೆಯದು ಎಂದಳು. ಏಳು ತಿಂಗಳ ಬಸುರಿಗೆ ತಾವು ಉಟ್ಟು ಬಿಟ್ಟ ಸೀರೆ ಉಡಿಸಿ ಇಟ್ಟಿದ್ದಾರೆ ಇವರು!

ಸಂಜೆ ದೀಪ ಹಚ್ಚಿದ ಮೇಲೆ ಹಸಿರು ಸೀರೆ, ಖಣ, ಬಳೆ, ಕೊಬ್ಬರಿ ಎಲ್ಲ ತಟ್ಟೆಯಲ್ಲಿಟ್ಟು ಮುಂದೆ ತಂದೆ. ಸಾವಿತ್ರಮ್ಮನವರು ಸೀರೆಯನ್ನು ಸವರಿ, ತುಂಬಾ ಚೆನ್ನಾಗಿದೆ ಗಂಗಮ್ಮ ಎಂದರು. ಗಂಗಾಬಾಯಿ ಎಂದು ಎರಡು ಸಲ ಹೇಳಿದ್ದರೂ ಆ ಮನೆಯಲ್ಲಿ ನಾನು ಗಂಗಮ್ಮ. ತಟ್ಟೆಯನ್ನು ದೇವರ ಮುಂದಿಟ್ಟು ಕೈಮುಗಿದರು. ಕುಬಸ ನಾಳೆ ಮಾಡೂಣೇನ್ರಿ ಎಂದು ಕೇಳಿದೆ. ಅವರು ಸೀರೆ ಖಣ ಎತ್ತಿ ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು.

“ಈಗ ಬೇಡಿ ಗಂಗಮ್ಮ. ಆಮೇಲೆ ಉಡ್ಸೋಣ.”

ಆಮೇಲೆ ಎಂದರೆ ಯಾವಾಗ, ಯಾಕೆ, ಏನೂ ಹೇಳಲಿಲ್ಲ. ಶಾಂತಾ ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದಳು. ಕಪಾಳಕ್ಕೆ ಹೊಡೆದಂತಾಗಿ ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಬೇಲೂರು, ಎರಡನೆಯ ದಿನ

ಮನಸ್ಸು ಕೆಟ್ಟಮೇಲೆ ಕಣ್ಣೂ ಕೆಡುತ್ತದೆ, ನೋಡಿ. ಊಟಕ್ಕೆ ಅನ್ನದ ಮೇಲೆ ಅನ್ನ: ಹುಳಿಯನ್ನ, ಸಾರನ್ನ, ಮಜ್ಜಿಗೆಯನ್ನ. ಜೋಳದ ಒಂದು ಭಕ್ಕರಿ ಕಾಣಲಿಲ್ಲ. ಹುಡುಗಿ ಬಡಕಲಾಗದೆ ಇನ್ನೇನು ಎಂದುಕೊಂಡೆ. ಹುಡುಗಿ ಬಡಕಲಾಗಿರಲಿಲ್ಲ. ಅವಳಿಗೆ ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದರು, ಹಾಲಿನ ಲೋಟ ಅವಳ ಮುಂದೆಯೇ ಬರುತ್ತಿತ್ತು, ಬಾವಿಯ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆದಿತ್ತು. ಆದರೂ ನನಗೆ ಕಂಡದ್ದು ಆ ತೇಪೆ ಒಂದೇ.

ಮಧ್ಯಾಹ್ನ ನೈವೇದ್ಯ ಮುಗಿದು ಸಾವಿತ್ರಮ್ಮನವರು ನೂಲಿನ ಸೀರೆ ಉಟ್ಟು ಹೊರಗೆ ಬಂದು ಕುಳಿತಾಗ ನನ್ನ ಬಾಯಿಗೆ ಹಿಡಿತ ತಪ್ಪಿತು.

“ನಾ ತಂದ ಸೀರಿ ಪೆಟ್ಟಿಗ್ಯಾಗ, ನಿಮ್ಮ ಹರಕ ಸೀರಿ ಅಕಿ ಮೈಮ್ಯಾಲೆ. ತವರಿಗೂ ಕಳಸೂದಿಲ್ಲ ಅಂತೀರಿ. ನಮ್ಮ ಹುಡುಗಿ ನಿಮಗ ಭಾರ ಆಗಿದ್ರ ಹೇಳಿಬಿಡ್ರಿ, ನಾಳಿನ ಗಾಡಿಗೆ ಕರಕೊಂಡು ಹೋಗ್ತೀನಿ.”

ಅವರ ಮುಖ ಚಿಕ್ಕದಾಯಿತು. ಜಗಳ ಬರುತ್ತದೆಂದು ಸೆರಗು ಬಿಗಿದು ಕುಳಿತಿದ್ದೆ. ಬರಲಿಲ್ಲ. ಶಾಂತಾನೇ ಹೇಳ್ಲಿ ಎಂದು ಮೆಲ್ಲಗೆ ಹೇಳಿ, ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದರು.

ಶಾಂತಾ ನನ್ನನ್ನು ಕೆರೆಯ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ವಿಷ್ಣುಸಮುದ್ರ ಎನ್ನುತ್ತಾರೆ, ದೊಡ್ಡ ಕೆರೆ. ಮೇಲಿನ ಮೆಟ್ಟಿಲ ಮೇಲೆ ಕುಳಿತು, ನೀರು ನೋಡುತ್ತ ಹೇಳಿದಳು.

“ಹೋದ ವರ್ಷ ಶ್ರಾವಣದಾಗ ಒಂದು ಹೋತು ಅಕ್ಕಾ. ನಾಲ್ಕು ತಿಂಗಳಿತ್ತು.”

ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ಕಾಗದ ಬರೆದಿದ್ರ ನೀ ಓಡಿ ಬರತಿದ್ದಿ. ಬಂದು ಅಳತಿದ್ದಿ. ನಿನ್ನ ಸಮಾಧಾನ ಮಾಡೂ ಶಕ್ತಿ ನನಗಿರಲಿಲ್ಲ.”

ಉಳಿದದ್ದನ್ನೂ ಹೇಳಿದಳು. ಅವತ್ತು ಮಂಗಳಗೌರಿಯ ಪೂಜೆಗೆಂದು ಲಗ್ನದಲ್ಲಿ ನಾನು ಕೊಟ್ಟ ಇಳಕಲ್ಲ ಸೀರೆಯ ಘಳಿಗೆ ಮುರಿದು ಮೊದಲ ಸಲ ಉಟ್ಟಿದ್ದಳಂತೆ. ಸಂಜೆಗೆ ಹೊಟ್ಟೆನೋವು, ಆಮೇಲೆ ಎಲ್ಲ ಮುಗಿಯಿತು. ಇಪ್ಪತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ಇಪ್ಪತ್ತು ದಿನವೂ ಸಾವಿತ್ರಮ್ಮ ಮಡಿ ಉಡಲಿಲ್ಲ. ಗುಡಿಯ ನೈವೇದ್ಯವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಊರಿನವರು ಆಡಿದ ಮಾತನ್ನೆಲ್ಲ ಕೇಳಿಸಿಕೊಂಡು, ಸೊಸೆಯ ಹಾಸಿಗೆಯ ಪಕ್ಕ ಕುಳಿತರು. ತಮ್ಮ ಸೀರೆಗಳನ್ನೇ ಹರಿದು ಹಾಸಿದರು, ಹೊದಿಸಿದರು, ಒಗೆದರು. ಈ ಸಲ ಗೊತ್ತಾದ ಕೂಡಲೇ ದೇವರಿಗೆ ಹೇಳಿಕೊಂಡರು: ಕೂಸಿನ ಅಳು ಕೇಳುವವರೆಗೆ ಇವಳ ಮೈಮೇಲೆ ಹೊಸ ಬಟ್ಟೆ ಹಾಕುವುದಿಲ್ಲ. ಹಾಸನದ ಡಾಕ್ಟರಮ್ಮ ರೈಲು ಹತ್ತಬಾರದೆಂದಿದ್ದಾರೆ. ಇದನ್ನು ಹೇಳಬೇಕಾದರೆ ಹೋದ ವರ್ಷದ್ದನ್ನೂ ಹೇಳಬೇಕು. ಅದಕ್ಕೇ ಕಾಗದ ಎರಡೇ ಸಾಲು.

“ಈ ಸೀರಿ ಉಟ್ರ ನನಗ ಅಂಜಿಕಿ ಆಗೂದಿಲ್ಲ ಅಕ್ಕಾ,” ಎಂದು ತೇಪೆಯ ಮೇಲೆ ಕೈಯಾಡಿಸಿದಳು.

ನಿಜ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಹದಿನೈದು ವರ್ಷ ನನ್ನ ಸೆರಗು ಹಿಡಿದುಕೊಂಡು ಬೆಳೆದವಳಿಗೆ ಈಗ ಇನ್ನೊಬ್ಬರ ಸೀರೆಯಲ್ಲಿ ಧೈರ್ಯ. ಅಳು ಅದರ ಹಿಂದೆ ಬಂತು. ಬಂದದ್ದು ಬೇಗ ನಿಲ್ಲಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮೈಸೂರಿನವರಲ್ಲವೇ, ನೋಡಿಲ್ಲವೆಂಬಂತೆ ಒಗೆಯುತ್ತಲೇ ಇದ್ದರು.

ಶಾಂತಾ ನನ್ನ ಕಣ್ಣನ್ನು ನನ್ನ ಸೆರಗಿನಿಂದಲೇ ಒರೆಸಿದಳು. ಒರೆಸಿ, ಆ ತುದಿಯನ್ನು ಕೈಯಲ್ಲೇ ಇಟ್ಟುಕೊಂಡು ಕೇಳಿದಳು.

“ನಿಂದೂ ಒಂದು ಕೊಟ್ಟು ಹೋಗು. ಹೊಸಾದು ಬ್ಯಾಡ, ನೀ ಉಟ್ಟದ್ದು. ಕೂಸಿಗೆ ಸುತ್ತಲಿಕ್ಕೆ ಬೇಕು.”

ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಹಿರಿಯರು ಉಟ್ಟ ಹಳೆಯ ಬಟ್ಟೆಯನ್ನೇ. ಹೊಳೆಯ ಆಚೆಗೂ ಈಚೆಗೂ ಅದೇ ಪದ್ಧತಿ. ಪೆಟ್ಟಿಗೆ ತುಂಬ ಹೊಸದನ್ನು ಹೊತ್ತು ತಂದ ನನಗೆ ಅದೊಂದು ಹೊಳೆದಿರಲಿಲ್ಲ.

ಬೇಲೂರು, ಮೂರನೆಯ ದಿನ

ಕೇಳಿದವಳು ತಂಗಿ, ನಿಜ. ಆದರೆ ಉಟ್ಟ ಸೀರೆಯನ್ನು ಬೀಗರ ಮನೆಗೆ ಕೊಡುವುದೆಂದರೆ ನಮ್ಮ ಕಡೆ ಅವರನ್ನು ಬಡವರೆಂದು ಕರೆದಂತೆ. ಹಿಂದಿನ ದಿನ ಆಡಿದ ಮಾತಿನ ಮೇಲೆ ಇದೂ ಒಂದೇ ಎಂದು ಅಂಜಿದೆ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಪ್ರಯಾಣದ ಸೀರೆಯನ್ನು ಎರಡು ಸಲ ಒಗೆದೆ. ಅರಸೀಕೆರೆಯ ಕಾಫಿಯ ಕಲೆ ಪೂರ್ತಿ ಹೋಗಲಿಲ್ಲ. ಒಣಗಿಸಿ, ಮಡಚಿ, ಹೊಸ ಸೀರೆ ಕೊಡುವ ಹಾಗೆಯೇ ತಟ್ಟೆಯಲ್ಲಿ ಅರಿಸಿನ ಕುಂಕುಮದ ಜೊತೆ ಇಟ್ಟು, ಮಡಿ ಬಿಟ್ಟು ಬಂದ ಸಾವಿತ್ರಮ್ಮನವರ ಮುಂದೆ ಹಿಡಿದೆ.

“ನಿನ್ನೆ ಆಡಿದ್ದು ತಪ್ಪಾತ್ರಿ,” ಎಂದೆ. ಇಷ್ಟು ಹೇಳಲು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ.

ಅವರು ಸೀರೆ ಬಿಡಿಸಿದರು. ಅದರ ಮೈಯನ್ನು ಕೆನ್ನೆಗೆ ಒತ್ತಿ ನೋಡಿದರು. ಸೆರಗಿನ ಹತ್ತಿರ ಬಂದಾಗ ಅವರ ಕೈ ನಿಂತಿತು.

“ಇದು ರೇಷ್ಮೆನೇ? ಪೂರ್ತಿ?”

ಪೂರ್ತಿ ರೇಷ್ಮೆ, ನೂಲು ಬೆರೆಸಿಲ್ಲ ಎಂದೆ. ಸೆರಗು ಬೇರೆಯಾಗಿಯೇ ನೇಯ್ದು ಕೊಂಡಿ ಹಾಕಿ ಸೇರಿಸುತ್ತಾರೆಂದು ಆ ಸೇರಿಕೆಯನ್ನು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಇನ್ನೇನು ತಪ್ಪು ಕಂಡಿತೋ ಎಂದುಕೊಂಡೆ.

“ನೂಲಿನ ಬಟ್ಟೆಯಲ್ಲಿರೋ ಮಗೂನ ಮಡೀಲಿ ಮುಟ್ಟೋ ಹಾಗಿಲ್ಲ ಕಣ್ರೀ. ಮಧ್ಯಾಹ್ನದವರೆಗೂ ಅತ್ರೆ ಸುಮ್ನೆ ನೋಡ್ಕೊಂಡು ನಿಂತಿರ್ಬೇಕಲ್ಲ ಅಂತ ನಂಗೆ ಅದೇ ಯೋಚ್ನೆ ಆಗಿತ್ತು. ರೇಷ್ಮೆಗೆ ಮೈಲಿಗೆ ಇಲ್ಲ. ಇದ್ರಲ್ಲಿ ಸುತ್ತಿದ್ರೆ ಎತ್ಕೋಬಹುದು.”

ಹೀಗೆಂದು ಕೆಂಪು ಸೆರಗನ್ನು ಮಡಚಿ ಎಡದ ತೋಳಿನಲ್ಲಿಟ್ಟುಕೊಂಡರು. ಬರಿಯ ಬಟ್ಟೆಯನ್ನೇ ಎರಡು ಸಲ ತೂಗಿದರು. ಆಮೇಲೆ ನಾನು ನೋಡುತ್ತಿದ್ದೇನೆಂದು ನೆನಪಾಗಿ ನಾಚಿ ನಕ್ಕರು. ಅದನ್ನು ಕಂಡ ಉಮೇದಿನಲ್ಲಿ, ಒಂದನ್ನು ಒಗೆದಾಗ ಇನ್ನೊಂದು ಬೇಕಾಗುತ್ತದೆ, ಈಗ ಉಟ್ಟದ್ದನ್ನೂ ನಾಳೆ ಬಿಟ್ಟು ಹೋಗುತ್ತೇನೆ ಎಂದುಬಿಟ್ಟೆ. ಬೇಡ ಎಂದರು. ನಾನು ಹಟ ಹಿಡಿದೆ. ಒಳಗೆ ಬಂದು ಟ್ರಂಕು ತೆರೆದಾಗ ಗೊತ್ತಾಯಿತು, ಊರಿಗೆ ಉಟ್ಟುಕೊಂಡು ಹೋಗಲು ನನಗೆ ಸೀರೆಯೇ ಉಳಿದಿಲ್ಲ. ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಂಗ ನಗಬ್ಯಾಡ, ಕೂಸಿಗೆ ತ್ರಾಸಾದೀತು ಎಂದು ಗದರಿದೆ.

ಮರುದಿನ ಮಧ್ಯಾಹ್ನ ಸಾವಿತ್ರಮ್ಮನವರು ತಮ್ಮ ಪೆಟ್ಟಿಗೆ ತೆರೆದು ಒಂದು ನೇರಳೆ ಬಣ್ಣದ ನೂಲಿನ ಸೀರೆ ತೆಗೆದರು. ಹಳೆಯದು, ಸಣ್ಣ ಅಂಚಿನದು, ಸೀಗೆಕಾಯಿಯ ವಾಸನೆಯದು. ನಾನೇ ಉಟ್ಟುಕೊಳ್ಳುತ್ತೇನೆಂದರೂ ಬಿಡಲಿಲ್ಲ. ಎದುರಿಗೆ ನಿಲ್ಲಿಸಿ, ನೆರಿಗೆ ಹಿಡಿದು, ತಮ್ಮ ಕಡೆಯ ರೀತಿಯಲ್ಲಿ ಉಡಿಸಿದರು. ನಾನು ಬಿಚ್ಚಿಟ್ಟ ಇಳಕಲ್ಲನ್ನು ಶಾಂತಾ ಆಗಲೇ ಸುತ್ತಿಕೊಂಡಾಗಿತ್ತು. ಅದರಲ್ಲಿ ಇನ್ನೂ ನನ್ನ ಮೈಯ ಬಿಸಿ ಇದ್ದಿರಬೇಕು. ಹೊರಡುವಾಗ ಸಾವಿತ್ರಮ್ಮನವರು ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಮಡಿಲು ತುಂಬಿದರು. ನಾವು ಉಡಿ ತುಂಬುವುದು ಎನ್ನುತ್ತೇವೆ. ಅವ್ವ ಹೋದಮೇಲೆ ನನಗೆ ಯಾರೂ ತುಂಬಿರಲಿಲ್ಲ, ತುಂಬುವವಳು ನಾನೇ ಆಗಿದ್ದೆ. ಹೆರಿಗೆಯಾದ ಕೂಡಲೇ ತಂತಿ ಕಳಿಸುತ್ತೇವೆ, ಹಸಿರು ಸೀರೆ ಉಡಿಸುವ ದಿನ ನೀವಿರಬೇಕು ಎಂದರು.

ಶಾಂತಾಳನ್ನು ಕರೆತರಲು ಹೋದವಳು ಒಬ್ಬಳೇ ಬಸ್ಸು ಹತ್ತಿದೆ. ದುಃಖವಾಗಲಿಲ್ಲವೆಂದಲ್ಲ. ಹಳೇಬೀಡು ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮತ್ತೆ ಅರಸೀಕೆರೆ

ರೈಲಿನ ಹೆಂಗಸರ ಡಬ್ಬಿಯಲ್ಲಿ ಕಾಲಿಟ್ಟರೆ ಎದುರಿಗೇ ಇಳಕಲ್ಲ ಸೀರೆಯ ಅಜ್ಜಿಯೊಬ್ಬಳು, ಕೆಂಪು ಸೆರಗನ್ನು ತಲೆತುಂಬ ಹೊದ್ದು, ಸೊಸೆಯ ಜೊತೆ ಕುಳಿತಿದ್ದಳು. ತೀರ್ಥಯಾತ್ರೆ ಮುಗಿಸಿ ಗದಗಿಗೆ ಹೊರಟವರು. ನನಗೆ ಆದ ಆನಂದ ಏನು ಹೇಳಲಿ! ನಗುತ್ತ ಹೋಗಿ ಪಕ್ಕದಲ್ಲಿ ಕುಳಿತೆ. ಅಜ್ಜಿ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಸೊಸೆಯ ಕಿವಿಯಲ್ಲಿ, ಮೈಸೂರಾಕಿ, ಎಂದದ್ದು ನನಗೂ ಕೇಳಿಸಿತು.

ಸ್ವಲ್ಪ ಸರೀರಿ ಅಜ್ಜೀ, ನಾನೂ ಧಾರವಾಡದಾಕಿನ, ಎಂದೆ. ಇಬ್ಬರೂ ಬಾಯಿಗೆ ಸೆರಗು ಹಚ್ಚಿ ನಕ್ಕರು. ಗಂಟು ಬೆಂಚಿನ ಕೆಳಗೆ ಹೋಯಿತು, ಬುತ್ತಿ ಮೇಲೆ ಬಂತು. ಭಕ್ಕರಿ, ಶೇಂಗಾ ಚಟ್ನಿ. ತಿಂದು ಕೈ ತೊಳೆದ ಮೇಲೆ ಅಜ್ಜಿ ನನ್ನ ನೇರಳೆ ಸೀರೆಯ ಅಂಚನ್ನು ಹೊಸಕಿ ನೋಡಿದಳು. ಮೆತ್ತಗೈತಿ ಎಂದಳು. ಆಮೇಲೆ ಅವಳ ಕಣ್ಣು ನನ್ನ ಸೊಂಟದಲ್ಲಿ ಕಟ್ಟಿದ್ದ ಅಕ್ಕಿ, ಕಾಯಿಯ ಗಂಟಿನ ಮೇಲೆ ಬಿತ್ತು. ಮುಖ ಅರಳಿತು.

“ಸೀರಿ ಉಡಿಸಿ, ಉಡಿ ತುಂಬಿ ಕಳಿಸ್ಯಾರಲ್ಲ. ತವರಮನಿಯಿಂದ ಹೊಂಟೀಯೇನವಾ?”

ತಂಗಿಯ ಮನೆಯಿಂದ ಎನ್ನಬೇಕೆಂದು ಬಾಯಿ ತೆರೆದೆ.

“ಹೌದ್ರಿ,” ಎಂದೆ.

“ಯಾವೂರವಾ ತವರು?”

“ಬೇಲೂರ್ರಿ.”